ಬಿಜಾಗರಿಯ ಬಿರುಕು

ಠಾಣೆ ನಗರದ ವಾಗಳೆ ಕೈಗಾರಿಕಾ ಎಸ್ಟೇಟಿನ ಒಂದು ಲಿಫ್ಟ್ ಕಂಪನಿಗೆ ಜಯಲತಾ ಸೇರಿದ್ದು ಟೆಲಿಫೋನ್ ಆಪರೇಟರ್ ಆಗಿ. ಕಾರ್ಕಳದ ಕಡೆಯಿಂದ ಬಂದು ಡೊಂಬಿವಲಿಯಲ್ಲಿ ಸಣ್ಣದೊಂದು ಕ್ಯಾಂಟೀನ್ ನಡೆಸಿದವರ ಮಗಳು. ಓದಿದ್ದೂ ಡೊಂಬಿವಲಿಯಲ್ಲೇ, ಬಿ.ಕಾಂ. ಮದುವೆಯಾಗಿ, ಮಗಳು ನಿಕಿತಾ ಹುಟ್ಟಿ, ಗಂಡ ಕುವೈತಿಗೆ ಹೋಗಿ ಕುಳಿತ ಮೇಲೂ ಅವಳು ಕೆಲಸ ಬಿಡಲಿಲ್ಲ. ಹದಿನೆಂಟು ವರ್ಷಗಳಲ್ಲಿ ಫೋನಿನ ಸ್ವಿಚ್‌ಬೋರ್ಡಿನಿಂದ ಸ್ಟೋರಿಗೆ, ಸ್ಟೋರಿನಿಂದ ಖರೀದಿ ವಿಭಾಗಕ್ಕೆ ಬಂದು, ೨೦೧೧ರ ಹೊತ್ತಿಗೆ ಆ ವಿಭಾಗದ ಮುಖ್ಯಸ್ಥೆಯಾಗಿದ್ದಳು. ಗುಂಡುಸೂಜಿಯಿಂದ ಹಿಡಿದು ಲಿಫ್ಟಿನ ಉಕ್ಕಿನ ಹಗ್ಗದವರೆಗೆ ಅವಳ ಸಹಿ ಇಲ್ಲದೆ ಏನೂ ಒಳಗೆ ಬರುತ್ತಿರಲಿಲ್ಲ.

ಅವಳ ಕೈ ಶುದ್ಧ ಎಂದು ಎಲ್ಲರೂ ಒಪ್ಪುತ್ತಿದ್ದರು. ದೀಪಾವಳಿಗೆ ಸಪ್ಲಾಯರುಗಳು ತಂದುಕೊಟ್ಟ ಡ್ರೈಫ್ರೂಟ್ ಡಬ್ಬಿಗಳನ್ನು ನೇರವಾಗಿ ಪ್ಯಾಂಟ್ರಿಗೆ ಕಳಿಸುವವಳು. ಆದ್ದರಿಂದಲೇ ಮುಂದೆ ನಡೆದದ್ದು ಅವಳಿಗೆ ಅಷ್ಟು ಚುಚ್ಚಿತು. ಯಾರೂ ಅವಳಿಗೆ ಏನೂ ಕೊಟ್ಟಿರಲಿಲ್ಲ. ಅವಳೇ ಒಂದು ವಸ್ತುವಿಗೆ ಆಸೆಪಟ್ಟಿದ್ದಳು, ಅಷ್ಟೇ.

ಆಸೆ ಹುಟ್ಟಿದ್ದು ಸೋಮವಾರದ ಮೀಟಿಂಗುಗಳಲ್ಲಿ. ಉಳಿದ ಮ್ಯಾನೇಜರುಗಳು ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದರು. ಜಯಲತಾಳ ಮೇಜಿನ ಮೇಲೆ ಹಳೆಯ ಡೆಸ್ಕ್‌ಟಾಪ್ ಇತ್ತು, ಅದನ್ನು ಹೊತ್ತು ತರಲಾಗದು. ಅವಳು ಲಾಂಗ್ ನೋಟ್‌ಬುಕ್ ಹಿಡಿದು ಹೋಗುತ್ತಿದ್ದಳು. ಪೆನ್ನು ಕೈಯಲ್ಲಿದ್ದವಳು ಅವಳೊಬ್ಬಳೇ ಆದ್ದರಿಂದ ಜನರಲ್ ಮ್ಯಾನೇಜರ್ ಪಾಟಣಕರ್ ಸಾಹೇಬರು ಪ್ರತಿ ಸಲವೂ ಅವಳ ಕಡೆ ತಿರುಗಿ, "ಜಯಾ ಮೇಡಂ, ಜರಾ ಬರೆದುಕೊಳ್ಳಿ" ಎನ್ನುತ್ತಿದ್ದರು. ಮೀಟಿಂಗಿನಲ್ಲಿ ಯಾರು ಏನು ಹೇಳಿದರು ಎಂಬುದನ್ನು ಅವಳು ಬರೆದುಕೊಳ್ಳುತ್ತಿದ್ದಳು. ಹದಿನೆಂಟು ವರ್ಷವಾದರೂ ತಾನಿನ್ನೂ ಸ್ವಿಚ್‌ಬೋರ್ಡಿನ ಮುಂದೆಯೇ ಕೂತಿದ್ದೇನೆ ಅನ್ನಿಸುತ್ತಿತ್ತು.

ಆ ಏಪ್ರಿಲ್‌ನಲ್ಲಿ ಕಂಪನಿ ತನ್ನ ಮೂವತ್ತೆಂಟು ಸರ್ವಿಸ್ ಇಂಜಿನಿಯರುಗಳಿಗೆ ಲ್ಯಾಪ್‌ಟಾಪ್ ಕೊಡಬೇಕೆಂದು ನಿರ್ಧರಿಸಿತು. ಘೋಡ್‌ಬಂದರ್ ರಸ್ತೆಯಲ್ಲಿ, ಖಾರ್‌ಘರ್‌ನಲ್ಲಿ ಎದ್ದ ಟವರುಗಳಿಗೆಲ್ಲ ಹೊಸ ಬಗೆಯ ಲಿಫ್ಟ್ ಬಂದಿತ್ತು. ಅದು ಕೆಟ್ಟರೆ ತಂತಿ ಜೋಡಿಸಿ ಲ್ಯಾಪ್‌ಟಾಪಿನಲ್ಲೇ ದೋಷ ಓದಬೇಕು. ಜೊತೆಗೆ ಆಫೀಸಿನ ಹನ್ನೆರಡು ಮಂದಿಗೂ ಹೊಸ ಯಂತ್ರ. ಆ ಹನ್ನೆರಡರ ಪಟ್ಟಿಯಲ್ಲಿ ಕೊನೆಯ ಹೆಸರು ಜಯಲತಾಳದು.

ಡೀಲರನ ಕಡೆಯವನು ಒಂದೇ ಕಂಪನಿಯ ಎರಡು ಬಗೆ ತಂದಿಟ್ಟ. ಒಂದು ಕಡಿಮೆ ಬೆಲೆಯ ಬಜೆಟ್ ಸಾಲಿನದು. ದಪ್ಪ, ಬೂದು ಬಣ್ಣದ ಪ್ಲಾಸ್ಟಿಕ್ ಮೈ, ಒಂದು ವರ್ಷದ ವಾರಂಟಿ, ಕೆಟ್ಟರೆ ನಾವೇ ಹೊತ್ತುಕೊಂಡು ಹೋಗಬೇಕು. ಇನ್ನೊಂದು ಪ್ರೀಮಿಯಂ. ತೆಳ್ಳಗೆ, ಕಪ್ಪಗೆ, ಒಳಗೆ ಲೋಹದ ಚೌಕಟ್ಟು, ಕೀಲಿಮಣೆಯ ಮೇಲೆ ನೀರು ಚೆಲ್ಲಿದರೆ ಕೆಳಗಿನ ತೂತಿನಿಂದ ಹರಿದುಹೋಗುವ ಏರ್ಪಾಡು, ಮೂರು ವರ್ಷ ಮನೆಬಾಗಿಲಿಗೇ ಸರ್ವಿಸ್. ಒಳಗಿನ ಪ್ರೊಸೆಸರ್, ಮೆಮೊರಿ ಎರಡರಲ್ಲೂ ಹೆಚ್ಚುಕಡಿಮೆ ಒಂದೇ.

"ಫೀಲ್ಡಿನವರಿಗೆ ಬಜೆಟ್, ಆಫೀಸಿಗೆ ಪ್ರೀಮಿಯಂ," ಎಂದರು ಪಾಟಣಕರ್. ಅವರಿಗೆ ಅದು ಲೋಕಲ್ ರೈಲಿನ ಸೆಕೆಂಡ್ ಕ್ಲಾಸು, ಫಸ್ಟ್ ಕ್ಲಾಸಿನಷ್ಟೇ ಸಹಜ. "ನೀವು ಎರಡನ್ನೂ ಎರಡು ವಾರ ಬಳಸಿ ನೋಡಿ, ಒಂದು ಹೋಲಿಕೆ ಪಟ್ಟಿ ಮಾಡಿಕೊಡಿ. ಡೈರೆಕ್ಟರುಗಳಿಗೆ ಕಾಗದದ ಮೇಲೆ ಬೇಕು."

ಜಯಲತಾ ಮನಸ್ಸಿಟ್ಟೇ ಪರೀಕ್ಷೆ ಮಾಡಿದಳು. ಬಜೆಟ್ ಯಂತ್ರವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಡೊಂಬಿವಲಿಯಿಂದ ಎಂಟೂ ಹನ್ನೆರಡರ ಫಾಸ್ಟ್ ಲೋಕಲ್ ಹಿಡಿದಳು. ಲೇಡೀಸ್ ಡಬ್ಬಿಯಲ್ಲಿ ಬ್ಯಾಗು ಎದೆಗೂ ಮುಂದಿನವಳ ಬೆನ್ನಿಗೂ ನಡುವೆ ಸಿಕ್ಕಿಕೊಂಡು ಠಾಣೆಯವರೆಗೆ ಬರುತ್ತಿತ್ತು. ನಾಲ್ಕನೆಯ ದಿನ ಸಂಜೆ ಮನೆಯಲ್ಲಿ ಅದನ್ನು ತೆರೆದಾಗ ನಿಕಿತಾ ಪಕ್ಕದಲ್ಲಿ ಕೂತಿದ್ದಳು. ಹದಿನಾಲ್ಕರ ಹುಡುಗಿ, ತುಳುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಮರಾಠಿಯಲ್ಲೇ ಉತ್ತರಿಸುವವಳು.

"ಮಮ್ಮಾ, ಹೇ ತುಟಲಯ್," ಎಂದಳು. ಇದು ಮುರಿದಿದೆ.

ಪರದೆ ಮಡಚುವ ಕಡೆ, ಬಲಗಡೆಯ ಬಿಜಾಗರಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಜಯಲತಾ ಉಗುರಿನಿಂದ ಸವರಿ ನೋಡಿದಳು. ಮುಚ್ಚಿ ತೆರೆದಳು. ಸಣ್ಣಗೆ ಚಿಟಿಚಿಟಿ ಎಂದಿತು. ನಾಲ್ಕು ದಿನಕ್ಕೆ ಹೀಗಾದರೆ, ಇದನ್ನು ಹೊತ್ತುಕೊಂಡು ದಿನಕ್ಕೆ ಐದು ಬಿಲ್ಡಿಂಗ್ ಹತ್ತಿ, ಲಿಫ್ಟಿನ ಹೊಂಡಕ್ಕಿಳಿದು, ಮಳೆಯಲ್ಲಿ ಬೈಕ್ ಓಡಿಸುವವರ ಕೈಯಲ್ಲಿ ಏನಾದೀತು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಎ.ಸಿ. ರೂಮಿನ ಮೇಜಿನಿಂದ ಕದಲದ ಯಂತ್ರಗಳಿಗೆ ಲೋಹದ ಚೌಕಟ್ಟು, ಅಲೆದಾಡುವ ಯಂತ್ರಗಳಿಗೆ ಪ್ಲಾಸ್ಟಿಕ್. ಎಲ್ಲವೂ ತಲೆಕೆಳಗಾಗಿತ್ತು.

ಸರಿಮಾಡುವ ದಾರಿಯೂ ಅವಳಿಗೆ ಕಂಡಿತು. ಫೀಲ್ಡಿನ ಮೂವತ್ತೆಂಟಕ್ಕೂ ಪ್ರೀಮಿಯಂ ಕೊಟ್ಟು, ಆಫೀಸಿನವರು ಇನ್ನೆರಡು ವರ್ಷ ಇರುವುದರಲ್ಲೇ ಸುಧಾರಿಸಿಕೊಂಡರೆ ಮಂಜೂರಾದ ಬಜೆಟ್ಟಿನೊಳಗೇ ಆಗುತ್ತಿತ್ತು. ಹಾಗೆ ಬರೆದರೆ ಪಾಟಣಕರ್ ಸಿಡುಕುತ್ತಾರೆ, ಉಳಿದ ಹನ್ನೊಂದು ಮಂದಿ ಮುಖ ಗಂಟಿಕ್ಕುತ್ತಾರೆ. ಅದನ್ನೆಲ್ಲ ಅವಳು ತಡೆದುಕೊಳ್ಳಬಲ್ಲಳು. ತಡೆಯಲಾಗದ್ದು ಬೇರೆ. ಆ ತೆಳ್ಳಗಿನ ಕಪ್ಪು ಯಂತ್ರವನ್ನು ಸೋಮವಾರ ಮೇಜಿನ ಮೇಲಿಟ್ಟು ತೆರೆಯುವುದನ್ನು ಅವಳು ಮನಸ್ಸಿನಲ್ಲಿ ಅದೆಷ್ಟೋ ಸಲ ಮಾಡಿ ಮುಗಿಸಿದ್ದಳು.

ಮರುದಿನ ಡೀಲರನ ಕಡೆಯವನಿಗೆ ಬಿರುಕು ತೋರಿಸಿದಳು. ಅವನು ತಕರಾರಿಲ್ಲದೆ ಒಂದು ಗಂಟೆಯೊಳಗೆ ಅಂಥದ್ದೇ ಹೊಸದನ್ನು ತಂದಿಟ್ಟು ಹಳೆಯದನ್ನು ಒಯ್ದ. ಉಳಿದ ದಿನಗಳೆಲ್ಲ ಆ ಹೊಸದು ಅವಳ ಕಪಾಟಿನಲ್ಲೇ ಇತ್ತು. ಹೋಲಿಕೆ ಪಟ್ಟಿಯಲ್ಲಿ 'ದೈನಂದಿನ ಪ್ರಯಾಣದಲ್ಲಿ ಬಾಳಿಕೆ' ಎಂಬ ಸಾಲಿನ ಮುಂದೆ 'ತೃಪ್ತಿಕರ, ದೋಷ ಕಂಡುಬಂದಿಲ್ಲ' ಎಂದು ಬರೆದು ಸಹಿ ಮಾಡಿದಳು. ಸಹಿ ಎಂದಿನಂತೆಯೇ ಅಚ್ಚುಕಟ್ಟಾಗಿ ಬಂತು. ಆಮೇಲೆ ನೆನೆದಾಗಲೆಲ್ಲ ಅವಳಿಗೆ ಅದೇ ಹೆಚ್ಚು ಅವಮಾನವೆನಿಸುತ್ತಿತ್ತು.

ಮೇ ತಿಂಗಳಲ್ಲಿ ಯಂತ್ರಗಳು ಬಂದವು. ಹಂಚುವ ದಿನ ಸಹಿ ಹಾಕಿಸಿಕೊಳ್ಳುವ ರಿಜಿಸ್ಟರ್ ಇಟ್ಟುಕೊಂಡು ಜಯಲತಾಳೇ ಕೂತಿದ್ದಳು. ಸಾಲಿನಲ್ಲಿ ಮಾನಪ್ಪನೂ ಇದ್ದ. ಮುಧೋಳದ ಕಡೆಯವನು, ಡಿಪ್ಲೊಮಾ ಮಾಡಿ ಬಂದವನು, ಕಲ್ಯಾಣದಾಚೆ ವಿಠ್ಠಲವಾಡಿಯಲ್ಲಿ ರೂಮು. ಇಡೀ ಕಂಪನಿಯಲ್ಲಿ ಅವಳೊಂದಿಗೆ ಕನ್ನಡ ಆಡುವವನು ಅವನೊಬ್ಬನೇ. ಅವಳ ಮಂಗಳೂರು ಕಡೆಯ ಕನ್ನಡಕ್ಕೆ ಅವನು ನಗುತ್ತಿದ್ದ, ಅವನದಕ್ಕೆ ಅವಳು. ಮೇಡಂ ಎನ್ನದೆ ಅಕ್ಕಾರ ಎನ್ನುತ್ತಿದ್ದ.

"ಅಕ್ಕಾರ, ಇದು ನಂದ ಏನ್ರೀ? ಮನಿಗೂ ಒಯ್ಯಬೌದ?"

"ನಿಂದೇ ಮಾರಾಯ. ಜೋಪಾನ."

"ಕೂಸಿನಂಗ ನೋಡ್ಕೋತೀನ್ರಿ," ಎಂದ ಅವನು. ಹಾಗೇ ನೋಡಿಕೊಂಡ. ಹಳೆಯ ಟವೆಲ್ ಹೊಲಿಸಿ ಚೀಲದೊಳಗೊಂದು ಒಳಚೀಲ ಮಾಡಿದ. ದೋಷ ಓದುವ ಕೆಲಸ ಅವನಿಗೆ ಎಷ್ಟು ಒಲಿಯಿತೆಂದರೆ ಬೇರೆ ಇಂಜಿನಿಯರುಗಳು ಅವನಿಗೆ ಫೋನ್ ಹಚ್ಚಿ ಕೇಳತೊಡಗಿದರು.

ಜಯಲತಾಳ ಕಪ್ಪು ಲ್ಯಾಪ್‌ಟಾಪೂ ಬಂತು. ಮೊದಲ ಸೋಮವಾರ ಅದನ್ನು ತೆರೆದಾಗ ಪಾಟಣಕರ್, "ವಾ, ಜಯಾ ಮೇಡಂ" ಎಂದರು. ಬರೆದುಕೊಳ್ಳಲು ಬೇರೆಯವನಿಗೆ ಹೇಳಿದರು. ಆ ದಿನ ಅವಳಿಗೆ ನಿಜಕ್ಕೂ ಸಂತೋಷವಾಯಿತು. ಮನೆಗೆ ಒಯ್ದಾಗ ನಿಕಿತಾ ಅದರ ನಯವಾದ ಮೈ ಮೇಲೆ ಬೆರಳಾಡಿಸಿ, ಆ ಇನ್ನೊಂದು ಯಾರಿಗೆ ಕೊಟ್ಟಿರಿ ಎಂದು ಕೇಳಿದಳು. ಜಯಲತಾ ಒಲೆಯ ಮೇಲೆ ಹಾಲಿದೆ ಎಂದು ಎದ್ದು ಹೋದಳು.

ಜುಲೈನ ಒಂದು ಬೆಳಗ್ಗೆ, ಮಳೆ ಹಿಡಿದು ಸುರಿಯುತ್ತಿದ್ದಾಗ, ಖಾರ್‌ಘರ್‌ನ ಹದಿನಾಲ್ಕು ಮಹಡಿಯ ಟವರಿನಲ್ಲಿ ಲಿಫ್ಟ್ ನಿಂತಿತು. ಮಾನಪ್ಪ ಹೋಗಿ ಮೇಲಿನ ಮಶೀನ್ ರೂಮಿನಲ್ಲಿ ಲ್ಯಾಪ್‌ಟಾಪ್ ಜೋಡಿಸಿ ದೋಷ ಓದಿದ, ನೋಡಲು ಕೆಳಗಿಳಿದ, ಮತ್ತೆ ಹತ್ತಿದ. ಎರಡನೆಯ ಸಲ ಮುಚ್ಚಳ ಎತ್ತುವಾಗ ಬಿಜಾಗರಿ ಚಟ್ಟೆಂದು ಕಿತ್ತು ಬಂತು, ಪರದೆಯ ತಂತಿ ಹರಿದು ಎಲ್ಲ ಕಪ್ಪಾಯಿತು. ಬೇರೆ ಲ್ಯಾಪ್‌ಟಾಪ್ ಇದ್ದವನು ನೀರು ತುಂಬಿದ ರಸ್ತೆಗಳನ್ನು ದಾಟಿ ಬರುವಷ್ಟರಲ್ಲಿ ಮರುದಿನ ಮಧ್ಯಾಹ್ನವಾಗಿತ್ತು. ಅಷ್ಟರೊಳಗೆ ಹನ್ನೊಂದನೆಯ ಮಹಡಿಯ ಮುದುಕರೊಬ್ಬರನ್ನು ಡಯಾಲಿಸಿಸ್‌ಗೆಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಮೆಟ್ಟಿಲಿಳಿಸಿದ್ದರು. ಆ ಕಟ್ಟಡದ ನಿವಾಸಿಗಳ ಸೊಸೈಟಿಯವರು ಅದರ ಫೋಟೊ ಸಮೇತ ದೂರು ಬರೆದು ಒಪ್ಪಂದ ಮುರಿಯುವುದಾಗಿ ತಿಳಿಸಿದರು.

ಪಾಟಣಕರ್‌ಗೆ ಡೈರೆಕ್ಟರುಗಳ ಮುಂದಿಡಲು ಒಂದು ಹೆಸರು ಬೇಕಿತ್ತು. ಜಯಲತಾಳನ್ನು ಕರೆದು ಕೇಳಿದರು: "ನೀವು ಎರಡು ವಾರ ಬಳಸಿದ್ದೀರಿ. ಇದು ಯಂತ್ರದ ದೋಷವೋ, ಬಳಸಿದವನದೋ?"

ಅವರ ಮೇಜಿನ ಮೇಲೆ ಅವಳ ಹೋಲಿಕೆ ಪಟ್ಟಿಯೇ ತೆರೆದಿತ್ತು. ಅವಳ ಸಹಿ ಅವಳಿಗೆ ಕಾಣಿಸುತ್ತಿತ್ತು.

"ನಾನು ಬಳಸುವಾಗ ಏನೂ ಆಗಿರಲಿಲ್ಲ ಸರ್," ಎಂದಳು.

ಅಷ್ಟು ಸಾಕಾಯಿತು. ಮಾನಪ್ಪ ತಪ್ಪೊಪ್ಪಿಗೆ ಪತ್ರ ಕೊಡಬೇಕೆಂದು ಆಜ್ಞೆಯಾಯಿತು. ಪತ್ರ ಇಂಗ್ಲಿಷಿನಲ್ಲಿ ಇರಬೇಕು. ಮಾನಪ್ಪ ಬಂದದ್ದು ಅವಳ ಬಳಿಗೇ.

"ನನಗ ಬರಿಯಾಕ ಬರೂದಿಲ್ರಿ ಅಕ್ಕಾರ. ಹಿಂದ್ಯಾಗಾದ್ರ ಹೆಂಗರ ಬರೀತಿದ್ದೆ. ನೀವ ಬರ್ದು ಕೊಡ್ರಿ."

ಆಗುವುದಿಲ್ಲ ಅನ್ನಬಹುದಿತ್ತು. ಅವಳು ಕಪ್ಪು ಲ್ಯಾಪ್‌ಟಾಪ್ ತೆರೆದು ಟೈಪ್ ಮಾಡಿದಳು. ಅವನು ಮೇಜಿನ ಆಚೆ ಬದಿಯಲ್ಲಿ ನೆನೆದ ಬಟ್ಟೆಯಲ್ಲಿ ನಿಂತೇ ಇದ್ದ; ಕುರ್ಚಿ ಒದ್ದೆಯಾದೀತೆಂದು ಕೂರಲಿಲ್ಲ. ಪ್ರಿಂಟ್ ಬಂದಾಗ ಒಂದೊಂದೇ ಪದ ಬಿಡಿಸಿ ಓದಿದ. ನಡುವೆ ಒಂದು ಪದಕ್ಕೆ ಬಂದು ತಡೆದ.

"ಇದೇನ್ರಿ, ನೆಗ್ಲಿಜೆನ್ಸ್? ಹಂಗಂದ್ರ?"

ಅಲಕ್ಷ್ಯ, ಬೇಜವಾಬ್ದಾರಿ ಎಂಬ ಮಾತುಗಳು ಜಯಲತಾಳ ಬಾಯಿಗೆ ಬಂದು ನಿಂತವು.

"ಕೈತಪ್ಪು ಅಂತ," ಎಂದಳು. "ಕೈ ತಪ್ಪಿ ಆದದ್ದು ಅಂತ, ಅಷ್ಟೇ."

"ಕೈಯೂ ತಪ್ಪಿಲ್ರಿ. ಎತ್ತೂ ಮುಂದ ತಾನ ಕಿತ್ತು ಬಂತು."

"ಗೊತ್ತುಂಟು ಮಾನಪ್ಪ. ಹೀಗೆ ಬರೆದರೆ ಸಾಹೇಬರು ಬೇಗ ಮುಗಿಸ್ತಾರೆ."

ಅವನು ಸಹಿ ಮಾಡಿದ. ಕಾಗದ ಒದ್ದೆಯಾಗದಂತೆ ತುದಿಯಲ್ಲಿ ಹಿಡಿದು, "ಉಪಕಾರ ಆತ್ರಿ ಅಕ್ಕಾರ" ಎಂದು ಹೇಳಿ ಹೋದ. ಅವನು ಹೋದ ಮೇಲೆ ಅವಳು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ನಿಂತಳು. ಅಳು ಬರಲಿಲ್ಲ. ಕನ್ನಡಿ ನೋಡಲು ಮಾತ್ರ ಆಗಲಿಲ್ಲ.

ಬೇಗ ಮುಗಿಯಲೂ ಇಲ್ಲ. ತಪ್ಪೊಪ್ಪಿಕೊಂಡವನಿಗೆ ಮತ್ತೆ ಯಂತ್ರ ಕೊಡಬಾರದೆಂದು ತೀರ್ಮಾನಿಸಿ ಮಾನಪ್ಪನನ್ನು ಕಳಂಬೋಲಿಯ ಯಾರ್ಡಿಗೆ ಹಾಕಿದರು. ಉಕ್ಕಿನ ಬಜಾರಿನ ನಡುವೆ ಕಂಪನಿಯದೊಂದು ಶೆಡ್ಡಿತ್ತು. ಲಿಫ್ಟ್ ಓಡುವ ಕಂಬಿಗಳನ್ನು ಲಾರಿಯಿಂದ ಇಳಿಸಿ, ಗ್ರೀಸ್ ಸವರಿ, ಜೋಡಿಸಿಡುವ ಕೆಲಸ. ಓದು ಬೇಡದ ಕೆಲಸ.

ಆಮೇಲೆ ಉಳಿದ ಯಂತ್ರಗಳು ಮುರಿಯತೊಡಗಿದವು. ಆಗಸ್ಟಿನಲ್ಲಿ ಮೂರು, ಗಣಪತಿ ಹಬ್ಬದ ಹೊತ್ತಿಗೆ ಏಳು, ಅಕ್ಟೋಬರಿಗೆ ಹದಿಮೂರು. ಎಲ್ಲವೂ ಬಲಗಡೆಯ ಬಿಜಾಗರಿಯೇ. ಇಷ್ಟು ಮಂದಿ ಒಂದೇ ರೀತಿ ಅಲಕ್ಷ್ಯ ಮಾಡಲಾರರು ಎಂದು ಪಾಟಣಕರ್ ಕೂಡ ಒಪ್ಪಬೇಕಾಯಿತು. ಸೋಮವಾರದ ಮೀಟಿಂಗಿನಲ್ಲಿ ಅವರು, ಫೀಲ್ಡಿಗೆ ಬಜೆಟ್ ಸಾಲು ತಕ್ಕದ್ದಲ್ಲ ಎಂದು ಈಗ ತಿಳಿದುಬಂದಿದೆ, ಹಂತಹಂತವಾಗಿ ಬದಲಿಸೋಣ ಎಂದರು. "ಜಯಾ ಮೇಡಂ ಕಡೆಯಿಂದ ಏನೂ ತಪ್ಪಿಲ್ಲ. ಅವರು ಸರಿಯಾಗಿಯೇ ಪರೀಕ್ಷೆ ಮಾಡಿದ್ದರು. ಸ್ಯಾಂಪಲ್ ಚೆನ್ನಾಗಿತ್ತು, ಲಾಟ್ ಕೆಟ್ಟದಾಗಿ ಬಂತು."

ಹನ್ನೊಂದು ಮಂದಿ ತಲೆಯಾಡಿಸಿದರು. ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಜಯಲತಾ ಕಪ್ಪು ಲ್ಯಾಪ್‌ಟಾಪಿನ ಮುಚ್ಚಳ ಮುಚ್ಚಿದಳು.

"ಸ್ಯಾಂಪಲ್ ಚೆನ್ನಾಗಿರಲಿಲ್ಲ ಸರ್," ಎಂದಳು. ತನ್ನ ದನಿ ತನಗೇ ಪರಕೀಯವಾಗಿ ಕೇಳಿಸಿತು. "ನಾಲ್ಕೇ ದಿನಕ್ಕೆ ಬಿರುಕು ಬಿಟ್ಟಿತ್ತು. ಬೇರೆ ತರಿಸಿ ಇಟ್ಟೆ. ಪಟ್ಟಿಯಲ್ಲಿ ಬರೆಯಲಿಲ್ಲ."

ಯಾರೋ ಕೆಮ್ಮಿದರು. ಪಾಟಣಕರ್ ಅವಳನ್ನು ನೋಡಿದ ರೀತಿಯಲ್ಲಿ ಕೋಪಕ್ಕಿಂತ ಗಾಬರಿ ಹೆಚ್ಚಿತ್ತು. ಈ ಮಾತು ಡೈರೆಕ್ಟರುಗಳವರೆಗೆ ಹೋದರೆ ಪಾಟಣಕರ್ ಕೂಡ ಉತ್ತರಿಸಬೇಕಾಗುತ್ತಿತ್ತು; ಆ ಪಟ್ಟಿಯ ಕೆಳಗೆ ಅವರ ಸಹಿಯೂ ಇತ್ತು.

"ಜಾವು ದ್ಯಾ ಮೇಡಂ," ಎಂದರು. ಹೋಗಲಿ ಬಿಡಿ. ಬರೆದುಕೊಳ್ಳುತ್ತಿದ್ದವನ ಕಡೆ ತಿರುಗಿ, "ಇದು ಬೇಡ" ಎಂದರು. ಅವನು ಪೆನ್ನು ಎತ್ತಿಟ್ಟ.

ಹೇಳಿದ್ದೂ ಆಯಿತು, ಹೇಳದ ಹಾಗೂ ಆಯಿತು. ಆ ಶನಿವಾರ ಅವಳು ಠಾಣೆಯಿಂದ ಪನ್ವೇಲಿನ ಗಾಡಿ ಹಿಡಿದು, ಖಾಂದೇಶ್ವರದಲ್ಲಿ ಇಳಿದು ರಿಕ್ಷಾದಲ್ಲಿ ಕಳಂಬೋಲಿಗೆ ಹೋದಳು. ಯಾರ್ಡಿನಲ್ಲಿ ಮಾನಪ್ಪ ಕಂಬಿಗಳ ಮೇಲೆ ಸೀಮೆಸುಣ್ಣದಲ್ಲಿ ನಂಬರು ಹಾಕುತ್ತಿದ್ದ. ತೆಳ್ಳಗಾಗಿದ್ದ. ಅವಳನ್ನು ಕಂಡು ಕೈ ಒರೆಸಿಕೊಂಡು ಕಬ್ಬಿಣದ ಸ್ಟೂಲೊಂದನ್ನು ಎಳೆದು ಹಾಕಿದ. ಅವಳು ನಿಂತೇ ಎಲ್ಲ ಹೇಳಿದಳು. ಬಿರುಕು, ಬದಲಿ ಯಂತ್ರ, ಪಟ್ಟಿ, ಪಾಟಣಕರ್ ಮುಂದೆ ಆಡಿದ ಮಾತು. ಕಪ್ಪು ಲ್ಯಾಪ್‌ಟಾಪಿನ ಆಸೆಯನ್ನೂ ಹೇಳಿದಳು.

ಹೊರಗೆ ಟ್ರೇಲರೊಂದು ಹಿಮ್ಮುಖವಾಗಿ ಬರುವ ಸದ್ದು ನಿಲ್ಲುವವರೆಗೆ ಮಾನಪ್ಪ ಕಾದ.

"ಮುರದದ್ದಕ್ಕ ಏನೂ ಅನ್ನಂಗಿಲ್ರಿ. ಪ್ಲಾಸ್ಟಿಕ್ ಅದು, ಮುರೀತು. ನೀವು ಮುಚ್ಚಿಟ್ರಿ, ಅದೂ ಇರ್ಲಿ. ನೌಕರಿ ಅಂದ್ರ ಎಲ್ಲಾರೂ ಅಂಜತಾರ." ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹೊರಳಿಸಿದ. "ಆದ್ರ ಆ ಶಬ್ದ. ನಾ ಆಮ್ಯಾಲ ಸೈಬರ್ ಕೆಫೆದಾಗ ನೋಡಿದೆ, ಹಂಗಂದ್ರ ಏನಂತ."

ಜಯಲತಾ ತಲೆ ತಗ್ಗಿಸಿದಳು.

"ಇಲ್ಲೆ ಹಿಂದ್ಯಾಗ, ಮರಾಠ್ಯಾಗ ಯಾರರ ಏನರ ಹೇಳಿದ್ರ ನಾ ಎರಡ ಸಲ ಯೋಚ್ನಿ ಮಾಡ್ತೀನಿ, ಖರೇನೋ ಸುಳ್ಳೋ ಅಂತ. ನೀವು ಕನ್ನಡದಾಗ ಹೇಳಿದ್ರಿ. ಅದಕ್ಕ ಯೋಚ್ನಿ ಮಾಡ್ಲಿಲ್ಲ."

ಅವನು ದನಿ ಏರಿಸಿರಲಿಲ್ಲ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಕ್ಷಮಿಸು ಎಂಬ ಮಾತನ್ನು ಅವಳು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದಳು. ಅದನ್ನು ಆಡುವುದೂ ಅವನ ಮೇಲೆ ಇನ್ನೊಂದು ಭಾರ ಹೊರಿಸಿದಂತೆ ಎನಿಸಿ ನುಂಗಿಕೊಂಡಳು.

"ನಾನೆಂಥ ಮಾಡಬೇಕು, ಹೇಳು."

"ಆ ಕಾಗದ ನನ್ನ ಫೈಲ್‌ನಾಗ ಐತಿ. ಅದನ್ನ ತಗಸ್ರಿ. ಬ್ಯಾರೆ ಏನೂ ಬ್ಯಾಡ್ರಿ ಮೇಡಂ."

ಮೇಡಂ ಎಂದದ್ದನ್ನು ಅವಳು ಕೇಳಿಸಿಕೊಂಡಳು. ಸ್ಟೂಲು ಖಾಲಿಯೇ ಉಳಿಯಿತು.

ಫೈಲಿಗೆ ಹೋದ ಕಾಗದ ತೆಗೆಯಲು ಬರುವುದಿಲ್ಲ ಎಂದರು ಪಾಟಣಕರ್. ಹಾಗಾದರೆ ಅದರ ಬೆನ್ನಿಗೆ ತನ್ನದೂ ಒಂದು ಇರಲಿ ಎಂದು ಜಯಲತಾ ನಡೆದದ್ದನ್ನೆಲ್ಲ ಒಂದು ಪುಟ ಬರೆದು, ಪ್ರತಿಯನ್ನು ಡೈರೆಕ್ಟರುಗಳಿಗೂ ಕಳಿಸಿದಳು. ದೊಡ್ಡ ಗದ್ದಲವೇನೂ ಆಗಲಿಲ್ಲ. ಮಾನಪ್ಪನ ತಪ್ಪೊಪ್ಪಿಗೆಯನ್ನು ರದ್ದು ಮಾಡಿದರು. ಅವಳ ನೌಕರಿ ಹೋಗಲಿಲ್ಲ. ದೊಡ್ಡ ಖರೀದಿಗಳಿಗೆಲ್ಲ ಇನ್ನು ಮುಂದೆ ಬೇರೊಬ್ಬರ ಸಹಿಯೂ ಬೇಕು ಎಂದಾಯಿತು. ಅವಳು ಹದಿನೆಂಟು ವರ್ಷದಲ್ಲಿ ಗಳಿಸಿದ್ದು ತನ್ನೊಬ್ಬಳ ಸಹಿಗಿದ್ದ ಆ ಬೆಲೆಯನ್ನೇ. ಕಪ್ಪು ಲ್ಯಾಪ್‌ಟಾಪನ್ನು ಫೀಲ್ಡಿಗೆ ಕೊಡಿ ಎಂದು ಸ್ಟೋರಿಗೆ ಒಪ್ಪಿಸಿದಳು. ಅದು ತಿಂಗಳುಗಟ್ಟಲೆ ಸ್ಟೋರಿನಲ್ಲೇ ಬಿದ್ದಿದ್ದು, ಕೊನೆಗೆ ಹೊಸದಾಗಿ ಬಂದ ಅಕೌಂಟ್ಸ್ ಮ್ಯಾನೇಜರನ ಮೇಜು ಸೇರಿತು.

ಮಾನಪ್ಪನನ್ನು ಮತ್ತೆ ಸರ್ವಿಸಿಗೆ ಕರೆದರು. ಅಷ್ಟರಲ್ಲಿ ಅವನು ಐರೋಲಿಯ ಬೇರೊಂದು ಲಿಫ್ಟ್ ಕಂಪನಿಯಲ್ಲಿ ಕೆಲಸ ಹಿಡಿದಿದ್ದ.

ಮನೆಯಲ್ಲಿ ಅವಳು ಇದನ್ನು ಹೇಳಿದ್ದು ನಿಕಿತಾಳಿಗೆ ಮಾತ್ರ, ಅದೂ ಎರಡು ವರ್ಷದ ಮೇಲೆ. ಮಗಳು ಎಲ್ಲ ಕೇಳಿ, ತನಗೆ ಆಗಲೇ ಅನುಮಾನವಿತ್ತು ಎಂದಳು. ಆಮೇಲೆ ತಾಯಿಯ ತಟ್ಟೆಯನ್ನೂ ತಾನೇ ಎತ್ತಿಕೊಂಡು ಹೋಗಿ ತೊಳೆದಳು.

೨೦೧೬ರಲ್ಲಿ ಪಾಟಣಕರ್ ನಿವೃತ್ತರಾದರು. ಮತ್ತೆ ಲ್ಯಾಪ್‌ಟಾಪ್ ಕೊಳ್ಳುವ ಕಾಲ ಬಂತು, ಮತ್ತೆ ಬಜೆಟ್, ಪ್ರೀಮಿಯಂ ಎಂಬ ಎರಡು ಬಗೆ ಮೇಜಿನ ಮೇಲೆ ಬಂದು ಕೂತವು. ಹೊಸ ಸಾಹೇಬರು ಅವಳ ಅಭಿಪ್ರಾಯ ಕೇಳಿದರು. ಅವಳು ಎರಡು ದಿನ ಅವಧಿ ಕೇಳಿದಳು. ಎರಡನೆಯ ದಿನ ಮಧ್ಯಾಹ್ನ, ಊಟದ ವೇಳೆಯಲ್ಲಿ, ಮಾನಪ್ಪನ ನಂಬರಿಗೆ ಫೋನ್ ಮಾಡಿದಳು. ಎತ್ತಲಾರ ಎಂದುಕೊಂಡಿದ್ದಳು. ಎತ್ತಿದ.

ಅವಳು ಯಾಕೆಂದು ಹೇಳಿದ ಮೇಲೆ ಅವನು ಪ್ರಶ್ನೆ ಕೇಳತೊಡಗಿದ. ಹೊರುವವರು ಬೈಕಿನ ಮೇಲೋ ಲೋಕಲಿನಲ್ಲೋ? ಹೊಂಡಕ್ಕೆ ಇಳಿಸುತ್ತಾರೋ, ಮೇಲಷ್ಟೇ ಬಳಸುತ್ತಾರೋ? ಮಶೀನ್ ರೂಮಿನಲ್ಲಿ ಚಾರ್ಜಿಗೆ ಪ್ಲಗ್ ಇರುತ್ತದೋ? ಅವಳು ಗೊತ್ತಿದ್ದದ್ದಕ್ಕೆ ಉತ್ತರಿಸಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು. ಹತ್ತು ನಿಮಿಷ ಅವನು ಒಬ್ಬ ಒಳ್ಳೆಯ ಇಂಜಿನಿಯರನಂತೆ ಬಿಡಿಸಿ ಬಿಡಿಸಿ ಹೇಳಿದ. ಯಾವುದರಲ್ಲಿ ಬ್ಯಾಟರಿ ಕಳಚಿ ಹಾಕಬಹುದು, ಯಾವುದರ ಪರದೆ ಬಿಸಿಲಿಗೆ ಕಾಣುತ್ತದೆ, ಯಾವುದನ್ನು ಗ್ರೀಸಿನ ಕೈಯಲ್ಲಿ ಹಿಡಿದರೆ ಜಾರುತ್ತದೆ. ಎಲ್ಲರಿಗೂ ಪ್ರೀಮಿಯಂ ಬೇಕಿಲ್ಲ, ಕೂತಲ್ಲೇ ಕೆಲಸ ಮಾಡುವವರಿಗೆ ಬಜೆಟ್ಟೇ ಸಾಕು ಎಂದೂ ಹೇಳಿದ. ಅವಳು ಪುಟದ ಎರಡೂ ಬದಿ ತುಂಬುವಂತೆ ಬರೆದುಕೊಂಡಳು.

"ಮನೆಯಲ್ಲಿ ಎಲ್ಲರೂ ಹುಷಾರಾ ಮಾನಪ್ಪ?" ಎಂದು ಕೊನೆಗೆ ಕೇಳಿದಳು.

"ಆರಾಮ ಅದಾರ್ರಿ. ಸೈಟ್ ಮ್ಯಾಲ ಅದೀನಿ ಮೇಡಂ, ಇಡ್ತೀನಿ," ಎಂದ.

ಅವಳು ಬರೆದುಕೊಂಡ ಹಾಳೆಯನ್ನು ತೆಗೆದುಕೊಂಡು ಸಾಹೇಬರ ರೂಮಿಗೆ ಹೋದಳು. ಇದನ್ನೆಲ್ಲ ಯಾರು ಹೇಳಿದರು ಎಂದು ಅವರು ಕೇಳಿದಾಗ ಮಾನಪ್ಪನ ಹೆಸರನ್ನೂ, ಅವನು ಈ ಕಂಪನಿ ಬಿಟ್ಟುಹೋದ ಕಾರಣವನ್ನೂ ಹೇಳಿದಳು.